ವಿಳಾಸ: ಮಂಡ್ಯ

ಎದುರು ಮನೆಯ ಹುಡುಗಿಗೆ ಡೆಂಗಿ ಬಂದಿದೆ. ಅವಳ ತಾಯಿ ನಿನ್ನೆ ಸಂಜೆ ರಕ್ತ ಪರೀಕ್ಷೆಯ ವರದಿ ಹಿಡಿದು ಬಂದು, "ಅಕ್ಕಾ, ಪ್ಲೇಟ್‌ಲೆಟ್ ನೋಡಿ, ಭಯ ಏನೂ ಇಲ್ವಲ್ಲಾ?" ಎಂದರು. ಒಂದು ಲಕ್ಷದ ಮೇಲೇ ಇತ್ತು. ಹೊಟ್ಟೆ ನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದು ಹೇಳಿ ಧೈರ್ಯ ತುಂಬಿದೆ. ಆದರೆ ನನಗೆ ನಿದ್ದೆ ಕೆಡಿಸಿದ್ದು ಆ ಹಾಳೆಯ ಮೇಲ್ಭಾಗ. ಎನ್‌ಎಸ್‌1 ಪಾಸಿಟಿವ್ (ರಕ್ತದಲ್ಲಿ ಡೆಂಗಿ ವೈರಾಣುವಿನ ಪ್ರೋಟೀನು ಸಿಕ್ಕಿದೆ) ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದ ಆ ವರದಿಯಲ್ಲಿ ಫೋನ್ ನಂಬರಿನ ಜಾಗ ಖಾಲಿ ಇತ್ತು. ವಿಳಾಸ ಎಂಬಲ್ಲಿ 'ಮಂಡ್ಯ' ಎಂದಷ್ಟೇ ಇತ್ತು.

ಮಂಡ್ಯದಲ್ಲಿ ಎಲ್ಲಿ? ಯಾವ ಬಡಾವಣೆ, ಯಾವ ಅಡ್ಡರಸ್ತೆ? ಈ ವರದಿ ಇಲಾಖೆಗೆ ತಲುಪಿತೆಂದೇ ಇಟ್ಟುಕೊಳ್ಳೋಣ. ಆಶಾ ಕಾರ್ಯಕರ್ತೆ ಯಾರ ಮನೆಯ ಬಾಗಿಲು ತಟ್ಟಬೇಕು?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ಸ್ಲೈಡು ನೋಡುತ್ತಲೇ ನಿವೃತ್ತಳಾದವಳು ನಾನು ಎಂಬುದು ನಿಮಗೆಲ್ಲ ಗೊತ್ತು. ನಮ್ಮಲ್ಲಿ ಪ್ರತಿ ಸ್ಲೈಡಿಗೂ ಸಂಖ್ಯೆ ಇರುತ್ತಿತ್ತು, ಊರು ಮತ್ತು ಮನೆ ಯಜಮಾನನ ಹೆಸರು ಇರುತ್ತಿತ್ತು. ಪಾಸಿಟಿವ್ ಬಂದರೆ ಆರೋಗ್ಯ ಸಹಾಯಕರು ಮಾತ್ರೆ ಹಿಡಿದು ಆ ಮನೆಗೇ ಹೋಗಿ, ಮನೆಯವರೆಲ್ಲರ ರಕ್ತ ಲೇಪನ ತೆಗೆದು, ಅಕ್ಕಪಕ್ಕದಲ್ಲಿ ಜ್ವರದವರು ಇದ್ದಾರೆಯೇ ಎಂದು ವಿಚಾರಿಸಿ ಬರುತ್ತಿದ್ದರು. ಊರು ಬರೆಯದ ಸ್ಲೈಡನ್ನು ತಂದವರು ಬೈಸಿಕೊಳ್ಳುತ್ತಿದ್ದರು, ಅದು ನ್ಯಾಯವೂ ಆಗಿತ್ತು. ರೋಗಿ ಎಲ್ಲಿದ್ದಾನೆಂದು ತಿಳಿಯದಿದ್ದ ಮೇಲೆ ಪರಾವಲಂಬಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ನಾನು ಮಾಡುವುದೇನಿತ್ತು?

ಡೆಂಗಿಯಲ್ಲಂತೂ ವಿಳಾಸವೇ ಮುಖ್ಯ. ಈಡಿಸ್ ಸೊಳ್ಳೆ ದೂರ ಹಾರುವುದಿಲ್ಲ. ಸಾಮಾನ್ಯವಾಗಿ ಹುಟ್ಟಿದ ಜಾಗದ ನೂರಿನ್ನೂರು ಮೀಟರಿನೊಳಗೇ ಅದರ ಬದುಕು ಮುಗಿಯುತ್ತದೆ. ಜ್ವರದವರನ್ನು ಕಚ್ಚಿದ ಸೊಳ್ಳೆಯ ಮೈಯಲ್ಲಿ ವೈರಾಣು ಬೆಳೆದು, ಅದು ಇನ್ನೊಬ್ಬರಿಗೆ ರೋಗ ಹರಡಲು ಸುಮಾರು 8ರಿಂದ 12 ದಿನ ಬೇಕು. ನಮ್ಮ ಕೈಯಲ್ಲಿರುವ ಅವಕಾಶ ಅಷ್ಟೇ. ಆ ಅವಧಿಯೊಳಗೆ ಯಾರಾದರೂ ಹೋಗಿ ನೀರಿನ ತೊಟ್ಟಿ, ಡ್ರಮ್ಮು, ಹಳೆಯ ಟೈರುಗಳನ್ನು ನೋಡಿ ಖಾಲಿ ಮಾಡಿಸಿದರೆ ಬೀದಿಯ ಉಳಿದ ಮನೆಗಳು ಪಾರಾಗಬಹುದು. ಇಂದು ಬೆಳಿಗ್ಗೆ ನಾನೇ ಎದುರು ಮನೆಯ ಹಿತ್ತಲಿಗೆ ಹೋಗಿ ಸಿಮೆಂಟು ತೊಟ್ಟಿಯೊಳಗೆ ಟಾರ್ಚ್ ಬಿಟ್ಟೆ. ಬೆಳಕು ಬಿದ್ದದ್ದೇ ತಡ, ಮೇಲೆ ತಲೆಕೆಳಗಾಗಿ ತೂಗಾಡುತ್ತಿದ್ದ ಲಾರ್ವಾಗಳು, ಅಂದರೆ ಸೊಳ್ಳೆಯ ಮರಿಹುಳುಗಳೆಲ್ಲ, ಕೊಂಕುತ್ತಾ ತಳಕ್ಕಿಳಿದವು. ಹುಡುಗಿಯ ತಾಯಿಯೂ ನಾನೂ ಸೇರಿ ನೀರು ಚೆಲ್ಲಿ, ಒಳಗೋಡೆಗೆ ಮೊಟ್ಟೆಗಳು ಅಂಟಿಕೊಂಡಿರುತ್ತವಾದ್ದರಿಂದ ಬ್ರಷ್ ಹಾಕಿ ಉಜ್ಜಿದೆವು. ವರದಿಯಲ್ಲಿ ಮನೆ ನಂಬರ್ ಇದ್ದಿದ್ದರೆ ಈ ಕೆಲಸ ಯಾರಾದರೂ ಬಂದು ಮೊದಲೇ ಮಾಡಿಸಬಹುದಿತ್ತು.

ವ್ಯವಸ್ಥೆಯೇ ಇಲ್ಲ ಎಂದರೆ ಸುಳ್ಳಾದೀತು. ರೋಗ ಸರ್ವೇಕ್ಷಣಾ ಯೋಜನೆ ದೇಶದಲ್ಲಿ 2004ರಲ್ಲೇ ಶುರುವಾಯಿತು. ವರದಿ ಕಳಿಸಲು ಮೂರು ಬಗೆಯ ಫಾರಂಗಳಿವೆ: ಲಕ್ಷಣ ಕಂಡವರಿಗೆ ಎಸ್ ನಮೂನೆ, ವೈದ್ಯರು ಶಂಕಿಸಿದವರಿಗೆ ಪಿ ನಮೂನೆ, ಪ್ರಯೋಗಾಲಯ ಖಚಿತಪಡಿಸಿದವರಿಗೆ ಎಲ್ ನಮೂನೆ. ವಾರಕ್ಕೊಮ್ಮೆ ಹೋಗುತ್ತಿದ್ದ ಈ ಲೆಕ್ಕ ಈಗ ಐಎಚ್‌ಐಪಿ ಎಂಬ ಆನ್‌ಲೈನ್ ವೇದಿಕೆಯಲ್ಲಿ ಅಂದಂದೇ ದಾಖಲಾಗಬಲ್ಲದು. ಅದನ್ನು ಮೊದಲು ಪ್ರಯೋಗಕ್ಕೆ ತಂದ ರಾಜ್ಯಗಳಲ್ಲಿ ನಮ್ಮದೂ ಒಂದು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನೂ ಇಟ್ಟಿತು. ತೊಟ್ಟಿ ಮುಚ್ಚದ ಮನೆಯಾಕೆಗೆ ದಂಡವಿರುವಾಗ, ಆ ಮನೆ ಎಲ್ಲಿದೆ ಎಂದು ಬರೆದುಕೊಳ್ಳುವ ಕನಿಷ್ಠ ಕಾಳಜಿಯನ್ನು ಲ್ಯಾಬಿನಿಂದ ನಿರೀಕ್ಷಿಸುವುದು ತಪ್ಪೇ?

ವಿಳಾಸ ಬರೆದರೂ ಅದು ಸರಿಯಾದ ವಿಳಾಸವೇ ಎಂಬುದು ಇನ್ನೊಂದು ತೊಡಕು. ಮೈಸೂರಿನ ಹಾಸ್ಟೆಲ್ಲಿನಲ್ಲಿ ಓದುವ ಹುಡುಗ ಜ್ವರ ಬಂದೊಡನೆ ಮದ್ದೂರಿನ ಕಡೆಯ ತನ್ನ ಊರಿಗೆ ಬರುತ್ತಾನೆ, ಪರೀಕ್ಷೆ ಮಂಡ್ಯದಲ್ಲಿ ಆಗುತ್ತದೆ, ಪ್ರಕರಣ ಅವನ ಊರಿನ ಲೆಕ್ಕಕ್ಕೆ ಸೇರುತ್ತದೆ. ಆಶಾ ಕಾರ್ಯಕರ್ತೆ ಊರೆಲ್ಲ ಸುತ್ತಿದರೂ ಲಾರ್ವಾ ಸಿಗುವುದಿಲ್ಲ. ಹಾಸ್ಟೆಲ್ಲಿನ ತೊಟ್ಟಿಯಲ್ಲಿ ಮಾತ್ರ ಸೊಳ್ಳೆ ಹುಟ್ಟುತ್ತಲೇ ಇರುತ್ತದೆ. ಸೊಳ್ಳೆ ಕಚ್ಚಿ ಜ್ವರ ಬರಲು 4ರಿಂದ 10 ದಿನ ಹಿಡಿಯುವುದರಿಂದ, ಕಳೆದ ಎರಡು ವಾರ ಎಲ್ಲಿದ್ದಿರಿ ಎಂದು ಕೇಳಲೇಬೇಕು. ಆ ಪ್ರಶ್ನೆಗೆ ಅರ್ಧ ನಿಮಿಷ ಸಾಕು.

ಖಾಸಗಿ ಕ್ಲಿನಿಕ್ಕಿನ ವೈದ್ಯ ಮಿತ್ರರೊಬ್ಬರ ಬಳಿ ಇದನ್ನು ಹೇಳಿದಾಗ, ಕೆಲವೇ ನಿಮಿಷದಲ್ಲಿ ಫಲಿತಾಂಶ ಕೊಡುವ ಕಾರ್ಡ್ ಟೆಸ್ಟ್ ಅಷ್ಟು ನಂಬಲರ್ಹವಲ್ಲ, ಪ್ರಯೋಗಾಲಯದಲ್ಲಿ ಮಾಡುವ ಎಲೈಸಾ ಪರೀಕ್ಷೆ ಆಗದ ಪ್ರಕರಣವನ್ನು ಸರ್ಕಾರವೇ ಖಚಿತವೆಂದು ಒಪ್ಪುವುದಿಲ್ಲ, ಸುಮ್ಮನೆ ವರದಿ ಮಾಡಿ ಜನರಲ್ಲಿ ಗಾಬರಿ ಹುಟ್ಟಿಸುವುದೇಕೆ ಎಂದರು. ಎಲೈಸಾ ವಿಷಯದಲ್ಲಿ ಅವರ ಮಾತು ನಿಜ. ಆದರೆ ಖಚಿತವಾಗುವ ಮುನ್ನವೇ ತಿಳಿಸಲೆಂದಲ್ಲವೇ ಪಿ ನಮೂನೆ ಇರುವುದು? ಶಂಕಿತ ಎಂದು ಬರೆಯಲಿ, ಜೊತೆಗೆ ರಕ್ತದ ಮಾದರಿಯನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕಳುಹಿಸಲಿ. ಕೊನೆಗೆ ಡೆಂಗಿ ಅಲ್ಲವೆಂದು ತಿಳಿದರೂ ತೊಟ್ಟಿ ತೊಳೆದದ್ದರಿಂದ ಯಾರಿಗೂ ನಷ್ಟವಿಲ್ಲ. ಸಿಬ್ಬಂದಿಯ ಕೊರತೆಯನ್ನು ನಾನೂ ಬಲ್ಲೆ, ಅನುಭವಿಸಿದ್ದೇನೆ. ಅದಕ್ಕಾಗಿಯೇ ಇರುವ ಕೆಲವೇ ಜನರನ್ನು ಸರಿಯಾದ ಮನೆಗೆ ಕಳುಹಿಸಬೇಕು ಎನ್ನುತ್ತಿದ್ದೇನೆ.

ಈ ವರ್ಷ ಪ್ರಕರಣ ಕಡಿಮೆಯಾಗಿದೆ ಎಂದು ಯಾರಾದರೂ ಹೇಳಿದರೆ, ಎಷ್ಟು ಜನರನ್ನು ಪರೀಕ್ಷಿಸಿದಿರಿ ಎಂದು ಕೇಳದೆ ಇರಲು ನನ್ನಿಂದ ಆಗದು. ಮಲೇರಿಯಾದಲ್ಲಿ ವರ್ಷಕ್ಕೆ ನೂರು ಜನರಿಗೆ ಹತ್ತಾದರೂ ರಕ್ತ ಪರೀಕ್ಷೆ ಆಗಿರಬೇಕೆಂಬ ನಿಯಮವಿದ್ದದ್ದು ಇದೇ ಕಾರಣಕ್ಕೆ. ಡೆಂಗಿಯಲ್ಲೂ ಶಂಕಿತರೆಷ್ಟು, ಪರೀಕ್ಷೆಯಾದವರೆಷ್ಟು, ಖಚಿತವಾದವರೆಷ್ಟು ಎಂಬುದನ್ನು ತಾಲ್ಲೂಕುವಾರು ಒಟ್ಟಿಗೇ ಪ್ರಕಟಿಸಲಿ.

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಲ್ಯಾಬ್ ಅಥವಾ ಕ್ಲಿನಿಕ್ ನಡೆಸುವ ಸ್ನೇಹಿತರು ಇದನ್ನು ಓದುತ್ತಿದ್ದರೆ, ದಯವಿಟ್ಟು ನಾಳೆಯಿಂದಲೇ ನಿಮ್ಮ ಕೌಂಟರಿನಲ್ಲಿ ಮನೆ ನಂಬರ್, ಗುರುತಿಗೆ ಹತ್ತಿರದ ಜಾಗ, ಫೋನ್ ನಂಬರ್ ಕೇಳಿ ಬರೆದುಕೊಳ್ಳಿ. ನಮೂನೆ ತುಂಬುವುದು ಗೊತ್ತಿಲ್ಲದಿದ್ದರೆ ಮೆಸೇಜ್ ಮಾಡಿ, ನಾನೇ ಬಂದು ನಿಮ್ಮ ಹುಡುಗರಿಗೆ ಹೇಳಿಕೊಡುತ್ತೇನೆ.