ಒಲೆಯ ಮುಂದೆ ಚೆಕಾವ್

ಎಳ್ಳಮಾವಾಸ್ಯೆ ಹತ್ತಿರ ಬಂದಿತೆಂದರೆ ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಚಿಕ್ಕವ್ವನ ಮನೆಯವರಿಗೆ ನಿದ್ದೆಯಿಲ್ಲ. ಹಿತ್ತಿಲ ಪತ್ರಾಸಿನ ಶೆಡ್ಡಿನಲ್ಲಿ ಆರು ಒಲೆ, ಆರು ಜನ ಹೆಣ್ಣುಮಕ್ಕಳು, ಬೆಳಿಗ್ಗೆಯಿಂದ ರೊಟ್ಟಿ ಬಡಿಯುವ ಪಟಪಟ ಸದ್ದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಎಷ್ಟು ಮಾಡಿದರೂ ಸಾಲದು. ಕಳೆದ ವರ್ಷ ರಜೆ ಹಾಕಿ ರೊಟ್ಟಿ ಎಣಿಸಿ ಕಟ್ಟುವ ಕೆಲಸಕ್ಕೆ ನಾನೂ ಕುಳಿತಿದ್ದೆ. ಬೇಸರ ಕಳೆಯಲೆಂದು ಮೊಬೈಲಿನಲ್ಲಿ ಒಂದು ಕಥೆ ಹಚ್ಚಿ ಹಿಟ್ಟಿನ ಡಬ್ಬಿಯ ಮೇಲಿಟ್ಟೆ. ಫ್ರೆಂಚ್ ಕಥೆಗಾರ ಮೊಪಾಸಾನ 'ನೆಕ್ಲೇಸ್', 1884ರ ಕಥೆ, ಕನ್ನಡದಲ್ಲಿ ಯಾರೋ ಓದಿದ್ದು.

ಐದು ನಿಮಿಷ ಕಳೆಯುವಷ್ಟರಲ್ಲಿ ಹಿರಿಯಾಕೆ ಕೈ ಎತ್ತಿದಳು. "ಅದನ್ನು ಬಂದ್ ಮಾಡು ತಮ್ಮಾ. ಪಿಟೀಲು ಬೇರೆ, ಅಳು ಬೇರೆ. ಅವನೇ ಅತ್ತುಬಿಟ್ಟರೆ ನಮಗೇನು ಉಳಿಯಿತು?"

ಈ ಮಾತನ್ನು ಕಥೆ ಓದಿ ಧ್ವನಿಮುದ್ರಿಸುವ ಪ್ರತಿಯೊಬ್ಬರ ಕೋಣೆಯಲ್ಲೂ ಬರೆದು ತೂಗುಹಾಕಬೇಕು. ಅಮೆರಿಕದ ಕಥೆಗಾರ ಪೋ ಬರೆದ 'ಟೆಲ್-ಟೇಲ್ ಹಾರ್ಟ್' ಅನ್ನು ನಾನು ಹಿಂದೊಮ್ಮೆ ಶಹಾಬಾದಿಗೆ ಹೋಗುವ ಬಸ್ಸಿನಲ್ಲಿ ಕೇಳಿದ್ದೆ. ಕೊಂದವನಿಗೆ ಸತ್ತವನ ಎದೆಬಡಿತ ನೆಲದಡಿಯಿಂದ ಕೇಳಿಸುತ್ತದೆ, ಎದುರಿಗೆ ಕುಳಿತ ಪೊಲೀಸರಿಗೆ ಕೇಳಿಸುವುದಿಲ್ಲ. ಕಥೆಯ ಜೀವವೇ ಅಲ್ಲಿದೆ. ಅದನ್ನು ಓದಿದ ಮಹಾಶಯರು ಮಾತ್ರ ಅಲ್ಲಿಗೆ ಸರಿಯಾಗಿ ಢಬ್ ಢಬ್ ಎಂದು ಡೋಲು ಬಡಿಸಿದ್ದರು! ಆ ಸದ್ದು ನನ್ನ ಕಿವಿಗೂ ಬಿದ್ದಮೇಲೆ ಅವನ ತಲೆ ಕೆಟ್ಟಿದೆ ಎಂದು ನಾನು ಹೇಗೆ ನಂಬಲಿ? ಒಳ್ಳೆಯ ಕಥೆಯನ್ನು ಓದುವವನು ತುಸು ಒಣಗಿದ ದನಿಯಲ್ಲೇ ಓದಬೇಕು.

ಸರಿ, ಗ್ರಂಥಾಲಯದಿಂದ ಅನುವಾದದ ಪುಸ್ತಕ ತಂದು ನಾನೇ ಓದತೊಡಗಿದೆ. ಎಣಿಸುವ ಕೆಲಸ ಚಿಕ್ಕವ್ವನ ಪಾಲಿಗೆ ಬಿತ್ತು, ಬೈಗುಳ ನನ್ನ ಪಾಲಿಗೆ.

ಮೊದಲು 'ನೆಕ್ಲೇಸ್', ಕಾಲೇಜಿನಲ್ಲಿ ಎರಡು ಸಲ ಓದಿದ್ದ ಕಥೆಯೇ ಅದು. ಗೆಳತಿಯಿಂದ ಕಡ ತಂದ ಹಾರ ಕಳೆದುಹೋಗಿ, 36,000 ಫ್ರಾಂಕ್ ಕೊಟ್ಟು ಅಂಥದೇ ಇನ್ನೊಂದನ್ನು ಕೊಂಡು ಹಿಂದಿರುಗಿಸಿ, ಹತ್ತು ವರ್ಷ ಪಾತ್ರೆ ತಿಕ್ಕಿ ಸಾಲ ತೀರಿಸುವ ಹೆಂಗಸಿನ ಕಥೆ. ಕೊನೆಯ ಸಾಲಿನಲ್ಲಿ ಗೊತ್ತಾಗುವುದು, ಕಳೆದದ್ದು ನಕಲಿ, ಹೆಚ್ಚೆಂದರೆ 500 ಫ್ರಾಂಕಿನದು. ಮೊದಲ ಸಲ ಓದುವಾಗ ಕೊನೆಯ ಪುಟ ತಿರುವಿದ ಕೂಡಲೇ ನನ್ನ ಕಳ್ಳಗಣ್ಣು ಕೆಳಗಿನ ಸಾಲಿಗೆ ಜಾರಿತ್ತು. ಇವರಿಗೆ ಆ ಸೌಲಭ್ಯವಿರಲಿಲ್ಲ. ಆರು ಜೋಡಿ ಕೈಗಳು ಒಟ್ಟಿಗೆ ನಿಂತವು, ಒಂದು ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ಆಮೇಲೆ ಎದ್ದದ್ದು ಯಾವ ವಿಮರ್ಶಕನೂ ನನಗೆ ಕೇಳಿರದ ಪ್ರಶ್ನೆ: ಈಗ ಗೆಳತಿಯ ಹತ್ತಿರ ಇರುವುದು ಅಸಲಿ ಹಾರ ತಾನೇ, ಅದನ್ನು ಹಿಂದಿರುಗಿಸಿದಳೋ ಇಲ್ಲವೋ? ಮೊಪಾಸಾ ಹೇಳಿಲ್ಲ ಎಂದರೆ ಯಾರು ಕೇಳುತ್ತಾರೆ? ಊಟದ ಹೊತ್ತಿನವರೆಗೆ ವಾದ ನಡೆಯಿತು. ನಾಲ್ಕು ಜನ 'ಕೊಡುವುದಿಲ್ಲ' ಎಂದರು.

ಮರುದಿನ ಟಾಲ್‌ಸ್ಟಾಯ್. ಸಾವಿರ ರೂಬಲ್ಲಿಗೆ, ಹೊತ್ತು ಮುಳುಗುವುದರೊಳಗೆ ನಡೆದು ಸುತ್ತು ಹಾಕಿದಷ್ಟು ಭೂಮಿ ನಿನ್ನದು ಎಂಬ ಒಪ್ಪಂದಕ್ಕೆ ಬಿದ್ದು ಓಡಿ ಸಾಯುವ ಪಹೋಮನ ಕಥೆ. ಎಕರೆ, ಗುಂಟೆ, ಬದುವಿನ ಜಗಳ ನೋಡಿ ಬೆಳೆದವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. "ಬುತ್ತಿ ಒಯ್ದಿದ್ದನೋ?" ಎಂದೊಬ್ಬಳು ಕೇಳಿದಳು. ಮುಂದಿನ ಪುಟದಲ್ಲೇ ಅವನು ಮಲಗಿದರೆ ನಿದ್ದೆ ಬಂದೀತೆಂದು ಕೂತುಕೊಂಡೇ ರೊಟ್ಟಿ ತಿನ್ನುತ್ತಾನೆ. ಶ್ರಾವಣ ಪೂರ್ತಿ ಮಠದಲ್ಲಿ ಪುರಾಣ ಕೇಳುವವರು ಇವರು. ಎಲ್ಲಿ ಏನು ಕೇಳಬೇಕೆಂಬುದು ಗೊತ್ತು.

ಕಥೆ ಕೇಳುವುದು ಸೋಮಾರಿಗಳ ಓದು ಎನ್ನುವ ಗೆಳೆಯರೊಬ್ಬರು ಇದ್ದಾರೆ. ಅವರಿಗೆ ಕ್ಯೂಬಾದ ಚುರುಟಿನ ಕಾರ್ಖಾನೆಗಳ ಸಂಗತಿ ಹೇಳಿದೆ. 1865ರಿಂದ ಹವಾನಾದಲ್ಲಿ ಈ ರೂಢಿ ಇದೆ. ಕಾರ್ಮಿಕರು ಹೊಗೆಸೊಪ್ಪು ಸುತ್ತುತ್ತಿದ್ದರೆ ಎತ್ತರದ ಪೀಠದಲ್ಲಿ ಕುಳಿತವನೊಬ್ಬ ಪತ್ರಿಕೆ, ಕಾದಂಬರಿ ಓದುತ್ತಿದ್ದ. ಅವನ ಸಂಬಳಕ್ಕೆ ಕಾರ್ಮಿಕರೇ ತಮ್ಮ ಕೂಲಿಯಲ್ಲಿ ಪಾಲು ಹಾಕುತ್ತಿದ್ದರು. 'ಮಾಂಟೆಕ್ರಿಸ್ಟೊ' ಎಂಬ ಚುರುಟಿಗೆ ಆ ಹೆಸರು ಬಂದದ್ದು ಅಲ್ಲಿ ಓದುತ್ತಿದ್ದ, ಫ್ರೆಂಚ್ ಲೇಖಕ ಡ್ಯೂಮಾನ 'ಕೌಂಟ್ ಆಫ್ ಮಾಂಟೆಕ್ರಿಸ್ಟೊ' ಕಾದಂಬರಿಯಿಂದ ಎನ್ನುತ್ತಾರೆ. ಬೆವರಿನ ಕೂಲಿಯಿಂದ ಹಣ ತೆಗೆದು ಕಥೆ ಕೊಂಡವರು ಸೋಮಾರಿಗಳೇ? ಗೆಳೆಯರು ಉತ್ತರಿಸಲಿಲ್ಲ, ಚಹಾ ತರಿಸಿದರು.

ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೇಳುವುದನ್ನು ನಾನೂ ಬಿಟ್ಟಿಲ್ಲ. ಆದರೆ ಅದರ ರುಚಿ ಬೇರೆ. ಪಕ್ಕದಲ್ಲಿ ಇನ್ನೊಬ್ಬರ ಉಸಿರು ತಡೆದದ್ದು ತಿಳಿಯುವುದಿಲ್ಲ.

ಕೊನೆಗೆ ರಷ್ಯಾದ ಕಥೆಗಾರ ಚೆಕಾವ್, 1886ರಲ್ಲಿ ಬರೆದ ಗಾಡಿಯವನ ಕಥೆ. ಮಗ ಸತ್ತು ವಾರವಾಗಿಲ್ಲ. ಹಿಮದಲ್ಲಿ ಗಾಡಿ ಹೊಡೆಯುತ್ತ ಅಯೋನಾ ಸಿಕ್ಕವರಿಗೆಲ್ಲ ಅದನ್ನೇ ಹೇಳಲು ನೋಡುತ್ತಾನೆ. ಯಾರಿಗೂ ಪುರುಸೊತ್ತಿಲ್ಲ. 'ನನ್ನ ಮಗ ತೀರಿಕೊಂಡ' ಎಂಬ ಮಾತು ಪುಟದ ಮೇಲೆ ಎರಡನೆಯ ಸಲ ಬಂದಾಗ ಕಣ್ಣು ಹಾರಿಸಿಬಿಡುತ್ತದೆ. ಗಟ್ಟಿಯಾಗಿ ಓದುವಾಗ ಹಾರಿಸಲು ಬರುವುದಿಲ್ಲ, ಪ್ರತಿ ಸಲವೂ ಬಾಯಿಬಿಟ್ಟು ಹೇಳಲೇಬೇಕು. ಮೂರನೆಯ ಸಲಕ್ಕೆ ನನ್ನ ದನಿಯೇ ಅವನದಾದಂತೆ ತೋರಿತು.

ನಡುವೆ ಒಂದು ಸಾಲು ಬರುತ್ತದೆ. ಹೆಂಗಸರ ಮುಂದೆ ಹೇಳಿಕೊಂಡರೆ ಇನ್ನೂ ಚೆನ್ನ, ದಡ್ಡರಾದರೂ ಎರಡು ಮಾತಿಗೇ ಅಳುತ್ತಾರೆ ಎಂದುಕೊಳ್ಳುತ್ತಾನೆ ಅಯೋನಾ. ಓದಲೋ ಬಿಡಲೋ ಎಂದು ತಡವರಿಸಿ ಓದಿಯೇಬಿಟ್ಟೆ. ಶೆಡ್ಡಿನಲ್ಲಿ ನಗೆ ಎದ್ದಿತು. "ದಡ್ಡರಂತೆ, ಆದರೂ ನಾವೇ ಬೇಕಂತೆ!"

ಕೊನೆಯಲ್ಲಿ ಅವನು ಲಾಯಕ್ಕೆ ಹೋಗಿ, ಹುಲ್ಲು ಮೆಲ್ಲುತ್ತಿರುವ ಕುದುರೆಗೆ ಎಲ್ಲವನ್ನೂ ಹೇಳುತ್ತಾನೆ. ಯಾರೂ ಅಳಲಿಲ್ಲ. ಹಿರಿಯಾಕೆ ಪರಾತದ ಹಿಟ್ಟಿಗೆ ಬಿಸಿನೀರು ಸುರಿದಳು. ಮೂಲೆಯ ಒಲೆಯ ಮುಂದೆ ಕೂರುವಾಕೆ, ಹದಿನೈದು ದಿನದಲ್ಲಿ ನಾಲ್ಕು ಮಾತೂ ಆಡದವಳು, ಹಿಂದಿನ ವರ್ಷ ಮಾರಬೇಕಾಗಿ ಬಂದ ತನ್ನ ಎಮ್ಮೆಯ ವಿಷಯ ತೆಗೆದಳು. ನಾನು ಪುಸ್ತಕ ಮುಚ್ಚಿಟ್ಟು ರೊಟ್ಟಿ ಎಣಿಸತೊಡಗಿದೆ.