ಸಮುದ್ರದಿಂದ ಐವತ್ತು ಮೀಟರ್ ಬಿಟ್ಟರೆ ಎಲ್ಲೆಡೆ ಮನೆ ಕಟ್ಟಬಹುದೇ? ಒಂದು ಸ್ಪಷ್ಟನೆ

ಕರಾವಳಿಯಲ್ಲಿ ಇನ್ನು ಸಮುದ್ರದಿಂದ 50 ಮೀಟರ್ ಬಿಟ್ಟು ಎಲ್ಲಿ ಬೇಕಾದರೂ ಮನೆ, ಹೋಂಸ್ಟೇ ಕಟ್ಟಬಹುದು ಎಂಬ ಸಂದೇಶ ಹರಿದಾಡುತ್ತಿದೆ. ಕುಂದಾಪುರದ ಕಡೆ ಜಾಗದ ವ್ಯವಹಾರ ಮಾಡಿಕೊಂಡು ಇಲ್ಲೇ ಬದುಕುತ್ತಿರುವ ನಾನು, ಇದನ್ನು ನಂಬಿ ಮುಂಗಡ ಕೊಡಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

2019ರ ಜನವರಿ 18ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆಯು ಗ್ರಾಮೀಣ ತೀರವನ್ನು ಎರಡಾಗಿ ವಿಂಗಡಿಸಿದ್ದು, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆಯಿರುವ ಪ್ರದೇಶಗಳಿಗೆ ಮಾತ್ರ, ಅದೂ ಅನುಮೋದಿತ ಕರಾವಳಿ ವಲಯ ನಿರ್ವಹಣಾ ಯೋಜನೆಗೆ ಒಳಪಟ್ಟು, ಹೊಸ ಕಟ್ಟಡಕ್ಕೆ ಅವಕಾಶವಿಲ್ಲದ ತೀರದ ಅಂಚನ್ನು, ಅಂದರೆ ಅಭಿವೃದ್ಧಿ ನಿಷಿದ್ಧ ವಲಯವನ್ನು, 50 ಮೀಟರಿಗೆ ಇಳಿಸಿದೆ. ಅದಕ್ಕಿಂತ ವಿರಳ ವಸತಿಯ ಕಡೆ 200 ಮೀಟರಿನ ಮಿತಿಯೇ ಉಳಿದಿದೆ. ಅಳತೆ ಆರಂಭವಾಗುವುದು ಅಲೆ ಕಾಣುವ ಜಾಗದಿಂದಲ್ಲ, ಆ ಯೋಜನೆಯ ನಕ್ಷೆಯಲ್ಲಿ ಗುರುತಿಸಿದ ಭರತ ರೇಖೆಯಿಂದ, ಅಂದರೆ ಉಬ್ಬರದ ನೀರು ಏರಿ ಮುಟ್ಟುವ ಗಡಿಯಿಂದ. ಮರಳು ಕೊಚ್ಚಿಹೋಗುವ ನಮ್ಮ ತೀರದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ನಿಷಿದ್ಧ ವಲಯದಲ್ಲಿರುವ ಹಳೆಯ ಅಧಿಕೃತ ಮನೆಯನ್ನು ಈಗಿರುವ ತಳ ವಿಸ್ತೀರ್ಣ ಮೀರದಂತೆ ದುರಸ್ತಿ ಮಾಡಿಕೊಳ್ಳಲು ಅವಕಾಶವಿದೆ. ಅದನ್ನೇ ಹೊಸ ಕಟ್ಟಡಕ್ಕೆ ಅನುಮತಿಯೆಂದು ಹೇಳಿ ಮಾರುವುದು ತಪ್ಪು. ಪಹಣಿಯಲ್ಲಿ ಹೆಸರಿದ್ದು, ಭೂ ಪರಿವರ್ತನೆಯ ಆದೇಶ ಕೈಯಲ್ಲಿದ್ದರೂ ಅದು ಸಿಆರ್‌ಝಡ್ ಅನುಮತಿಗೆ ಬದಲಿಯಾಗದು. ಆದ್ದರಿಂದ ಕರಾರಿಗೆ ಸಹಿ ಹಾಕುವ ಮೊದಲು ಸರ್ವೆ ನಂಬರನ್ನು ಅನುಮೋದಿತ ನಕ್ಷೆಯೊಂದಿಗೆ ತಾಳೆ ನೋಡಿ.