ಹಳೆಯ ರೋಡಿಯೊ ಕಿರುಚಿತ್ರಗಳನ್ನು ಇಂದೂ ತೋರಿಸಬೇಕೆ?

ಪರ: ತೋರಿಸಲೇಬೇಕು

ರೋಡಿಯೊ ಎಂದರೆ ಪುಂಡ ಕುದುರೆ ಏರುವ, ಹೋರಿ ಕೆಡವುವ ಅಮೆರಿಕದ ಕೌಬಾಯ್ ಆಟ. 1894ರಲ್ಲಿ ನ್ಯೂಜೆರ್ಸಿಯಲ್ಲಿ ಎಡಿಸನ್ ಕಂಪನಿಯವರು ಸವಾರನನ್ನು ಬೀಳಿಸಲು ಕುಪ್ಪಳಿಸುವ ಕುದುರೆಯೊಂದನ್ನು ಚಿತ್ರಿಸಿದರು. ಚಿತ್ರ ಒಂದು ನಿಮಿಷವೂ ಇಲ್ಲ. ಬೆನ್ನ ಮೇಲೆ, ಕೌಬಾಯ್ ಸಾಹಸಗಳ ಪ್ರದರ್ಶನ ಕೊಡುತ್ತಿದ್ದ ಬಫಲೊ ಬಿಲ್ ತಂಡದ ಲೀ ಮಾರ್ಟಿನ್. ಬೇಲಿಯ ಮೇಲೆ ನಿಂತವನೊಬ್ಬ ಪಿಸ್ತೂಲು ಹಾರಿಸುತ್ತಾನೆ. ನನಗಂತೂ ಕುದುರೆಗಿಂತ ಬೇಲಿಯಾಚೆಯ ಜನರ ಮುಖ ನೋಡುವ ಆಸೆ.

ಹಾಲಿವುಡ್ ನಮ್ಮ ತಲೆಗೆ ತುಂಬಿದ ಕೌಬಾಯ್ ಬಿಳಿಯ. ಆದರೆ ಓಡುವ ಹೋರಿಯನ್ನು ಕೊಂಬು ಹಿಡಿದು ಕೆಡವುವ ಬುಲ್‌ಡಾಗಿಂಗಿಗೆ ಹೆಸರು ತಂದವನು ಟೆಕ್ಸಾಸಿನ ಕಪ್ಪುವರ್ಣೀಯ ಬಿಲ್ ಪಿಕೆಟ್. ಕುದುರೆಯಿಂದ ಹಾರಿ, ಕೊಂಬು ತಿರುಚಿ, ಹೋರಿಯ ತುಟಿಗೇ ಹಲ್ಲು ಹಾಕುತ್ತಿದ್ದ! ಬಣ್ಣದ ಕಾರಣಕ್ಕೆ ಎಷ್ಟೋ ಸ್ಪರ್ಧೆಗಳಲ್ಲಿ ಅವನಿಗೆ ಬಾಗಿಲು ಮುಚ್ಚಿತ್ತು. 1932ರಲ್ಲಿ ಸತ್ತವನಿಗೆ ರೋಡಿಯೊ ಗೌರವ ಮಂದಿರದಲ್ಲಿ ಜಾಗ ಸಿಕ್ಕಿದ್ದು 1971ರಲ್ಲಿ. ಅವನನ್ನೇ ನಾಯಕನಾಗಿಸಿದ ಮೂಕಿಚಿತ್ರದ ತುಣುಕುಗಳಷ್ಟೇ ಉಳಿದಿವೆ. ಆ ತುಣುಕುಗಳನ್ನೂ ಡಬ್ಬಿಯಲ್ಲಿಟ್ಟು ಬೀಗ ಹಾಕಿದರೆ ಮತ್ತೆ ಬಿಳಿ ಕೌಬಾಯ್ ಒಬ್ಬನೇ ಉಳಿಯುತ್ತಾನೆ. ಹೋರಿಗೆ ನೋವಾಯಿತು ಎಂದು ಕಣ್ಣೊರೆಸಿಕೊಳ್ಳುವವರು ಸಂಜೆ ಬಿರಿಯಾನಿ ಬಿಡುವುದಿಲ್ಲ, ಅದನ್ನು ಬಲ್ಲೆ.

ವಿರೋಧ: ಬೇಡ ಅನ್ನಿಸುತ್ತದೆ

‘ಬೇಡ’ ಎಂದು ಬರೆಯಲು ಹೇಳಿದ್ದರಿಂದ ಬರೆಯುತ್ತಿದ್ದೇನೆ. ನಾನೂ ಇವನ್ನು ಕದ್ದು ನೋಡಿದವನೇ. ಪಿಕೆಟ್ ದೊಡ್ಡವನು, ಸರಿ, ಅವನ ಕುರಿತು ಓದಬಹುದಲ್ಲ. (ಬಿರಿಯಾನಿ ನಾನು ತಿನ್ನುವುದಿಲ್ಲ.)

1924ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ರೋಡಿಯೊ ನಡೆದಾಗ ಪ್ರಾಣಿದಯೆಯವರು ಕೋರ್ಟಿಗೆ ಹೋದರು. 1934ರಲ್ಲಿ ಬ್ರಿಟನ್ ಇಂಥ ಆಟಕ್ಕೆ ಕಾನೂನಿನಿಂದಲೇ ಲಗಾಮು ಹಾಕಿತು. 1937ರಲ್ಲಿ ಪ್ರಾಣಿಯನ್ನು ಹಿಂಸಿಸಿ ತೆಗೆದ ದೃಶ್ಯಗಳ ಪ್ರದರ್ಶನಕ್ಕೂ.

ಆದರೆ ನನಗೆ ನೆನಪಾಗುವುದು ಕಾನೂನಲ್ಲ, ಅಪ್ಪ. ಊರಿಗೆ ಲಾಳ ಕಟ್ಟುವವನು ಬಂದರೆ ನಮ್ಮ ಎತ್ತನ್ನು ಹಗ್ಗ ಸುತ್ತಿ ನೆಲಕ್ಕೆ ಕೆಡವುತ್ತಿದ್ದರು. ಧಡ್ ಎಂದು ಬೀಳುತ್ತಿತ್ತು. ಅಪ್ಪ ಆ ಹೊತ್ತಿಗೆ ಬೀಡಿ ಹುಡುಕುವ ನೆಪದಲ್ಲಿ ಒಳಗೆ ಹೋಗುತ್ತಿದ್ದ, ಬೀಡಿ ಜೇಬಿನಲ್ಲೇ ಇರುತ್ತಿತ್ತು. ಲಾಳವಾದರೂ ಎತ್ತಿನ ಗೊರಸಿನ ಒಳ್ಳೆಯದಕ್ಕೆ. ಮೊನ್ನೆ ಅಪ್ಪನಿಗೆ ಫೋನಿನಲ್ಲಿ ಹೋರಿ ಕೆಡವುವ ಹಳೆಯ ತುಣುಕೊಂದನ್ನು ತೋರಿಸಿದೆ. ಸವಾರನ ಬಗ್ಗೆ ಒಂದು ಮಾತೂ ಆಡಲಿಲ್ಲ. “ಆಮೇಲೆ ಅದು ಎದ್ದಿತಾ?” ಎಂದ. ಎದ್ದಿತೋ ಇಲ್ಲವೋ, ಚಿತ್ರ ಅಷ್ಟರಲ್ಲಿ ಮುಗಿದಿತ್ತು.